ಕಡಿಮೆ ಓಡಿದ ಹಳೆಯ ಕನ್ವರ್ಟಿಬಲ್ ಕಾರು: ಕೊಳ್ಳುವ ಮುನ್ನ ನೋಡಬೇಕಾದ್ದು, ಕೊಂಡ ಮೇಲೆ ಮಾಡಬೇಕಾದ್ದು

ಹದಿನೈದು ವರ್ಷ ಹಳೆಯ, ಚಾವಣಿ ಮಡಚಬಹುದಾದ, ಎರಡು ಸೀಟಿನ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿದೆ, ಮೀಟರಿನಲ್ಲಿ ಕೇವಲ 28,000 ಕಿಲೋಮೀಟರ್ ತೋರಿಸುತ್ತಿದೆ ಎಂದು ಗೊತ್ತಾದಾಗ ಮನಸ್ಸು ಮೊದಲು ಆ ಅಂಕಿಗೇ ಅಂಟಿಕೊಳ್ಳುತ್ತದೆ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರೂ ಓಡಿಲ್ಲ, ಹೆಚ್ಚುಕಡಿಮೆ ಹೊಸದೇ ಇರಬೇಕು ಎಂಬ ಲೆಕ್ಕ ತಾನಾಗಿಯೇ ಬರುತ್ತದೆ. ಆದರೆ ಕಾರಿನಲ್ಲಿ ಓಡಿದಷ್ಟೂ ಸವೆಯುವ ಭಾಗಗಳಿರುವಂತೆ ನಿಂತಷ್ಟೂ ಕೆಡುವ ಭಾಗಗಳೂ ಇವೆ. ಪಿಸ್ಟನ್ ರಿಂಗ್, ಗೇರು, ಕ್ಲಚ್ ಪ್ಲೇಟುಗಳು ಮೊದಲನೆಯ ಗುಂಪಿಗೆ ಸೇರಿದರೆ ಟೈರು, ರಬ್ಬರ್ ಬೀಡಿಂಗ್, ಹೋಸ್ ಪೈಪು, ಬ್ಯಾಟರಿ, ಬ್ರೇಕ್ ಆಯಿಲ್, ಟ್ಯಾಂಕಿನ ಪೆಟ್ರೋಲು ಎಲ್ಲವೂ ಎರಡನೆಯ ಗುಂಪಿನವು. ಕನ್ವರ್ಟಿಬಲ್ ಆದರೆ ಈ ಪಟ್ಟಿಗೆ ಚಾವಣಿಯೂ, ಅದರ ಅಂಚಿನಿಂದ ಒಳಗಿಳಿಯುವ ನೀರೂ ಸೇರಿಕೊಳ್ಳುತ್ತವೆ. ಆದ್ದರಿಂದ ಕಾರು ಎಷ್ಟು ಓಡಿದೆ ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು, ಓಡದೆ ಇದ್ದ ದಿನಗಳಲ್ಲಿ ಅದು ಎಲ್ಲಿ ನಿಂತಿತ್ತು, ಹೇಗೆ ನಿಂತಿತ್ತು, ಅದನ್ನು ಯಾರು ನೋಡಿಕೊಂಡರು ಎಂದು ಮೊದಲು ಕೇಳಬೇಕು.

ಮೊದಲ ಹಂತ: ಕಾಗದಪತ್ರ ಮತ್ತು ಮೀಟರು

ಕಾರನ್ನು ನೋಡಲು ಹೋಗುವ ಮುನ್ನವೇ ಸರ್ವಿಸ್ ದಾಖಲೆಗಳ ಫೋಟೋಗಳನ್ನು ಕಳಿಸಲು ಕೇಳಿ. ಪ್ರತಿ ಸರ್ವಿಸಿನ ಬಿಲ್ಲಿನಲ್ಲಿ ದಿನಾಂಕವೂ ಆ ದಿನದ ಕಿಲೋಮೀಟರೂ ಇರುತ್ತವೆ; ಅವುಗಳನ್ನು ಸಾಲಾಗಿ ಬರೆದುಕೊಂಡರೆ ಕಾರಿನ ಬದುಕೇ ಕಣ್ಣಮುಂದೆ ಬರುತ್ತದೆ. ಮೂರು ವರ್ಷ ಒಂದೇ ಒಂದು ಬಿಲ್ಲಿಲ್ಲದಿದ್ದರೆ ಆ ಮೂರು ವರ್ಷ ಅದು ಮೂಲೆಯಲ್ಲಿ ನಿಂತಿತ್ತೆಂದೇ ಭಾವಿಸಿ ಮುಂದಿನ ಪರೀಕ್ಷೆಗಳನ್ನು ಮಾಡುವುದು ಕ್ಷೇಮ. ಕಡಿಮೆ ಓಡಿದ್ದರೂ ವರ್ಷಕ್ಕೊಮ್ಮೆ ಎಂಜಿನ್ ಆಯಿಲ್ ಬದಲಿಸಿ ಬಿಲ್ಲು ಇಟ್ಟುಕೊಂಡಿರುವ ಮಾಲೀಕರ ಕಾರಿಗೆ ನಾನು ಸ್ವಲ್ಪ ಹೆಚ್ಚು ಬೆಲೆಯನ್ನು ಸಂತೋಷದಿಂದಲೇ ಕೊಡುತ್ತೇನೆ, ಏಕೆಂದರೆ ಆ ಶಿಸ್ತು ಉಳಿದ ಕೆಲಸಗಳಲ್ಲೂ ಇದ್ದೇ ಇರುತ್ತದೆ.

ಮೀಟರನ್ನು ಹಿಂದಕ್ಕೆ ತಿರುಗಿಸುವ ಕೈಚಳಕ ಡಿಜಿಟಲ್ ಮೀಟರುಗಳು ಬಂದ ಮೇಲೂ ನಿಂತಿಲ್ಲ. ಹಾಗಾಗಿ ಅಂಕಿಯನ್ನು ಕಾರಿನ ಮೈಯೊಂದಿಗೆ ಹೋಲಿಸಿ ನೋಡಬೇಕು. 28,000 ಕಿಲೋಮೀಟರಿನ ಕಾರಿನಲ್ಲಿ ಕ್ಲಚ್ ಪೆಡಲಿನ ರಬ್ಬರಿನ ಗೆರೆಗಳು ಅಳಿಸಿಹೋಗಿರುವುದಿಲ್ಲ, ಸ್ಟಿಯರಿಂಗ್ ಚಕ್ರದ ಚರ್ಮ ಎರಡು ಬದಿಗಳಲ್ಲಿ ನುಣುಪಾಗಿ ಹೊಳೆಯುವುದಿಲ್ಲ, ಹತ್ತಿ ಇಳಿಯುವಾಗ ಸೊಂಟ ಉಜ್ಜುವ ಸೀಟಿನ ಹೊರ ಅಂಚು ಕುಸಿದಿರುವುದಿಲ್ಲ. ಬಾನೆಟ್ಟಿನ ಮುಂಭಾಗದಲ್ಲಿ ಕಲ್ಲು ಸಿಡಿದ ಚುಕ್ಕೆಗಳು ತುಂಬಿದ್ದರೆ ಕೆಲಸಕ್ಕೆ ಬಾರದ ಸಮಾಧಾನಗಳಿಗೆ ಕಿವಿಗೊಡಬೇಡಿ. ಚಾಸಿ ನಂಬರನ್ನು ಕಾಗದದಲ್ಲಿರುವುದರೊಂದಿಗೆ ಅಕ್ಷರಕ್ಕಕ್ಷರ ತಾಳೆ ನೋಡಿ, ಅದೇ ನಂಬರನ್ನು ಕೊಟ್ಟು ತಯಾರಕರ ರೀಕಾಲ್ (ದೋಷವಿರುವ ಭಾಗವನ್ನು ಸರಿಪಡಿಸಲು ಕಾರನ್ನು ಹಿಂದಕ್ಕೆ ಕರೆಸುವುದು) ಬಾಕಿ ಇದೆಯೇ ಎಂದು ವಿಚಾರಿಸಿ. ಟಕಾಟಾ ಕಂಪನಿಯ ಏರ್‌ಬ್ಯಾಗುಗಳ ವಿಷಯ ಇಲ್ಲಿ ಮುಖ್ಯ: ಅವುಗಳೊಳಗಿನ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಶಾಖ ಮತ್ತು ತೇವಕ್ಕೆ ಸಿಕ್ಕಿ ಹದಗೆಟ್ಟು, ಬಿಚ್ಚಿಕೊಳ್ಳುವಾಗ ಲೋಹದ ಚೂರುಗಳನ್ನು ಸಿಡಿಸಬಹುದು. ಇದು ಕಾಲದಿಂದ ಬರುವ ದೋಷ. ಎಷ್ಟು ಕಡಿಮೆ ಓಡಿದ್ದರೂ ಕಾರಿಗೆ ಇದರಿಂದ ರಿಯಾಯಿತಿಯಿಲ್ಲ. ಹಳೆಯ ಕಾರುಗಳನ್ನು ಗ್ಯಾರೇಜಿನಲ್ಲಿಟ್ಟು ಮರೆತ ಮಾಲೀಕರಿಗೆ ರೀಕಾಲ್ ಪತ್ರ ತಲುಪದೆಯೂ ಹೋಗಿರಬಹುದು.

ಎರಡನೆಯ ಹಂತ: ನೀರು ಎಲ್ಲಿ ಹೋಗುತ್ತದೆ ಎಂದು ನೋಡುವುದು

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಓದುತ್ತೀರಿ ಎಂದಾದರೆ ಇದನ್ನು ಓದಿ.

ಬಟ್ಟೆಯ ಚಾವಣಿಯ ಮೇಲೆ ಬಿದ್ದ ನೀರು ಹಿಂದಿನ ಮೂಲೆಗಳಿಗೆ ಹರಿದು, ಅಲ್ಲಿರುವ ರಬ್ಬರ್ ತೊಟ್ಟಿಯಲ್ಲಿ ಸೇರಿ, ಎರಡೂ ಬದಿಯ ಸಣ್ಣ ಕೊಳವೆಗಳ ಮೂಲಕ ಕಾರಿನ ಕೆಳಗೆ ಬೀಳುವಂತೆ ಹೆಚ್ಚಿನ ಮಾದರಿಗಳನ್ನು ವಿನ್ಯಾಸ ಮಾಡಿರುತ್ತಾರೆ. ಆ ಕೊಳವೆಗಳಲ್ಲಿ ಎಲೆ, ಧೂಳು, ಹೂವಿನ ಪುಡಿ ಸೇರಿ ಕೆಸರಾಗಿ ಕಟ್ಟಿಕೊಂಡರೆ ನೀರು ಒಳಗೆ ತುಳುಕುತ್ತದೆ. ದಿನವೂ ಓಡುವ ಕಾರಿನಲ್ಲಿ ಇದು ಬೇಗ ಗಮನಕ್ಕೆ ಬರುತ್ತದೆ. ನಿಂತ ಕಾರಿನಲ್ಲಿ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಮಿಯಾಟಾದಲ್ಲಿ ಈ ನೀರು ಬಾಗಿಲಿನ ಕೆಳಗಿನ ಸಿಲ್ ಪೆಟ್ಟಿಗೆಗೆ ಇಳಿದು ಹಿಂದಿನ ಚಕ್ರದ ಮುಂಭಾಗವನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಬಿಎಂಡಬ್ಲ್ಯು ಜೆಡ್4ರ ಮೊದಲ ತಲೆಮಾರಿನ ಕಾರುಗಳಲ್ಲಿ ಚಾವಣಿಯನ್ನು ಎತ್ತಿಳಿಸುವ ಹೈಡ್ರಾಲಿಕ್ ಮೋಟರೇ ನೀರು ನಿಲ್ಲುವ ಜಾಗದಲ್ಲಿದೆ, ಕೊಳವೆ ಕಟ್ಟಿಕೊಂಡರೆ ಮೋಟರು ಮುಳುಗುತ್ತದೆ. ಮೊದಲ ತಲೆಮಾರಿನ ಪೋರ್ಷೆ ಬಾಕ್ಸ್‌ಸ್ಟರ್‌ನಲ್ಲಿ ಸೀಟಿನ ಕೆಳಗಿರುವ, ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಘಟಕಕ್ಕೆ ನೀರು ತಾಗಿದರೆ ಕಾರು ಸ್ಟಾರ್ಟೇ ಆಗದೆ ನಿಲ್ಲಬಹುದು. ಮೂರು ಬೇರೆ ಬೇರೆ ಕಾರುಗಳಲ್ಲಿ ಕಾರಣ ಮಾತ್ರ ಒಂದೇ, ಒಂದು ಹಿಡಿ ಕೆಸರು.

ನಾನು ಕೊಂಡ ಮೊದಲ ಕನ್ವರ್ಟಿಬಲ್‌ನ ಕಾರ್ಪೆಟ್ಟು ನೋಡಲು ಒಣಗಿಯೇ ಇತ್ತು. ಮನೆಗೆ ತಂದ ಮೇಲೆ ಸೀಟನ್ನು ಪೂರ್ತಿ ಮುಂದಕ್ಕೆ ಸರಿಸಿ, ಅದರ ಹಿಂದಿನ ಕಾರ್ಪೆಟ್ಟಿನ ಮೇಲೆ ಅಂಗೈ ಊರಿದಾಗ ಬೆರಳುಗಳ ಸಂದಿನಿಂದ ನೀರು ಮೇಲೆದ್ದು ಬಂತು. ಮೇಲಿನ ಪದರ ಒಣಗಿದ್ದರೂ ಅಡಿಯ ಸ್ಪಂಜು ಕೆರೆಯಂತಾಗಿತ್ತು. ದಪ್ಪನೆಯ ನೈಲಾನ್ ದಾರವನ್ನು ಕೊಳವೆಯೊಳಗೆ ನಿಧಾನವಾಗಿ ತೂರಿಸಿ ಆಡಿಸಿದಾಗ, ಮೊದಲು ಏನೂ ಆಗಲಿಲ್ಲ. ಆಮೇಲೆ ಒಮ್ಮೆಗೇ ಕಪ್ಪು ಗಂಜಿಯಂಥ ಕೆಸರು, ಅದರ ಹಿಂದೆಯೇ ಒಂದು ಬಕೆಟ್ಟಿನಷ್ಟು ಕಂದು ನೀರು ಚಕ್ರದ ಪಕ್ಕ ಸುರಿಯಿತು. ಕೊಳ್ಳುವ ದಿನ ಐದು ಸೆಕೆಂಡು ಅಂಗೈ ಊರಿದ್ದರೆ ಸಾಕಿತ್ತು.

ನನ್ನ ತಪ್ಪನ್ನು ನೀವು ಮಾಡಬೇಡಿ. ಎರಡೂ ಸೀಟುಗಳ ಹಿಂದೆ, ಕಾಲಿಡುವ ಜಾಗದಲ್ಲಿ, ಡಿಕ್ಕಿಯ ಅಡಿಯಲ್ಲಿ ಸ್ಟೆಪ್ನಿ ಇಡುವ ಗುಳಿಯಲ್ಲಿ ಕೈಯಿಂದ ಗಟ್ಟಿಯಾಗಿ ಒತ್ತಿ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಹೊರಗೆಳೆಯಿರಿ. ಸುರುಳಿಯೊಳಗಿದ್ದ ಭಾಗದಲ್ಲಿ ಬೂಷ್ಟು ಅಥವಾ ನೀರು ನಿಂತ ಕಲೆ ಇದ್ದರೆ ಆ ಕಾರು ಒಮ್ಮೆ ಒಳಗಿನಿಂದ ನೆನೆದಿದೆ. ಮಾರುವವರ ಒಪ್ಪಿಗೆ ಪಡೆದು, ಚಾವಣಿಯ ಹಿಂಬದಿಯ ಮೂಲೆಯಲ್ಲಿ ಒಂದು ಲೀಟರ್ ನೀರನ್ನು ನಿಧಾನವಾಗಿ ಸುರಿದು, ಇನ್ನೊಬ್ಬರನ್ನು ಕೆಳಗೆ ನೋಡಲು ನಿಲ್ಲಿಸಿ. ನೀರು ಆಯಾ ಬದಿಯಲ್ಲೇ, ಹೆಚ್ಚು ತಡವಿಲ್ಲದೆ ನೆಲಕ್ಕೆ ಬೀಳಬೇಕು. ಕಾರಿನೊಳಗೆ ಸುಗಂಧದ ಡಬ್ಬಿಗಳು ಎರಡು ಮೂರು ತೂಗುತ್ತಿದ್ದರೆ ಅವುಗಳನ್ನು ತೆಗೆಸಿ, ಚಾವಣಿ ಮುಚ್ಚಿ, ಹತ್ತು ನಿಮಿಷ ಬಿಟ್ಟು ಬಾಗಿಲು ತೆರೆದು ಮೂಸಿ ನೋಡಿ.

ತುಕ್ಕಿನ ಮಾತು ಇದಕ್ಕೇ ಅಂಟಿಕೊಂಡಿದೆ. ಲೋಹದ ಚಾವಣಿಯಿಲ್ಲದ ಕಾರಿನಲ್ಲಿ ಮೈಯನ್ನು ಬಿಗಿಯಾಗಿ ಹಿಡಿದಿಡುವ ಹೊಣೆಯ ದೊಡ್ಡ ಪಾಲು ಬಾಗಿಲ ಕೆಳಗಿನ ಸಿಲ್‌ಗಳ ಮೇಲೇ ಬೀಳುತ್ತದೆ. ಸಾಮಾನ್ಯ ಕಾರಿನಲ್ಲಿ ಸಿಲ್ ತುಕ್ಕು ಹಿಡಿದರೆ ಕೆಟ್ಟದ್ದು. ಇಲ್ಲಿ ಅದು ಕಾರಿನ ಬೆನ್ನುಮೂಳೆಗೇ ಬಂದ ರೋಗ. ಅಲ್ಲಿ ಬೆರಳಿನಿಂದ ತಟ್ಟಿದಾಗ ಮಂದವಾದ ಸದ್ದು ಬಂದರೆ ಅಥವಾ ಅಯಸ್ಕಾಂತ ಹಿಡಿಯದಿದ್ದರೆ ಒಳಗೆ ಪುಟ್ಟಿ ತುಂಬಿ ಪೇಂಟು ಹೊಡೆದಿದ್ದಾರೆ ಎಂದರ್ಥ. ಬಾಗಿಲು ಮತ್ತು ಮೈಯ ನಡುವಿನ ಸಂದು ಮೇಲೆ ಕೆಳಗೆ ಒಂದೇ ಅಗಲವಾಗಿದೆಯೇ ನೋಡಿ. ಸಿಲ್ ಕೊಳೆತ ಕನ್ವರ್ಟಿಬಲ್ಲನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ಹಂತ: ಚಾವಣಿ

ಚಾವಣಿಯನ್ನು ಒಂದು ಸಲ ತೆರೆದು ಮುಚ್ಚಿ ತೋರಿಸಿದರೆ ಒಪ್ಪಿಕೊಳ್ಳಬೇಡಿ. ವಿದ್ಯುತ್ತಿನಿಂದ ನಡೆಯುವುದಾದರೆ ಎಂಜಿನ್ ಚಾಲೂ ಇಟ್ಟು ಮೂರು ಸಲ ಪೂರ್ತಿಯಾಗಿ ಆಡಿಸಿ. ಪಂಪಿನ ಸದ್ದು ಒಂದೇ ಸಮನಾಗಿರಬೇಕು, ಎರಡೂ ಬದಿ ಒಟ್ಟಿಗೆ ಏಳಬೇಕು, ನಡುವೆ ನಿಂತು ಯೋಚಿಸಬಾರದು. ಕಾರಿನ ಒಳಮೈಯಲ್ಲೋ ಡಿಕ್ಕಿಯಲ್ಲೋ ಎಣ್ಣೆಯ ಜಿಡ್ಡು ಕಂಡರೆ ಹೈಡ್ರಾಲಿಕ್ ಸಿಲಿಂಡರು ಸೋರುತ್ತಿದೆ. ಕೈಯಿಂದ ಮಡಚುವ ಚಾವಣಿಯಾದರೆ ಪರೀಕ್ಷೆ ಸುಲಭ, ರಿಪೇರಿಯೂ ಸುಲಭ. ಎರಡರಲ್ಲಿ ಆಯ್ಕೆಯಿದ್ದರೆ ಹಳೆಯ ಕಾರಿನಲ್ಲಿ ನಾನು ಕೈಯಿಂದ ಮಡಚುವುದನ್ನೇ ಆರಿಸುತ್ತೇನೆ.

ಬಟ್ಟೆಯನ್ನು ಅರ್ಧ ತೆರೆದ ಸ್ಥಿತಿಯಲ್ಲಿ ನಿಲ್ಲಿಸಿ ಮಡಿಕೆಗಳನ್ನು ನೋಡಬೇಕು. ಹಲವು ಮಾದರಿಗಳಲ್ಲಿ ಬಟ್ಟೆಯನ್ನು ಒಳಕ್ಕೆಳೆಯುವ ಇಲಾಸ್ಟಿಕ್ ಪಟ್ಟಿಗಳು ವಯಸ್ಸಾದಂತೆ ಸಡಿಲವಾಗಿ, ಬಟ್ಟೆ ಚೌಕಟ್ಟಿನ ಕೀಲಿಗೆ ಸಿಕ್ಕಿ ಪ್ರತಿ ಸಲವೂ ಒಂದೇ ಜಾಗದಲ್ಲಿ ಉಜ್ಜಿಕೊಳ್ಳುತ್ತದೆ. ಹಗಲಿನಲ್ಲಿ ಒಳಗೆ ಕುಳಿತು ಮೇಲೆ ನೋಡಿದರೆ ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿಂದ ನೀರು ಬರುತ್ತದೆ. ಹಿಂದಿನ ಕಿಟಕಿ ಗಾಜಿನದೋ ಪ್ಲಾಸ್ಟಿಕ್ಕಿನದೋ ಗಮನಿಸಿ. ಮಿಯಾಟಾದ ಮೊದಲ ತಲೆಮಾರು, 2001ರವರೆಗಿನ ಹೋಂಡಾ ಎಸ್2000, 2002ರವರೆಗಿನ ಬಾಕ್ಸ್‌ಸ್ಟರ್ ಮಾದರಿಗಳಲ್ಲಿ ಅದು ಪ್ಲಾಸ್ಟಿಕ್ಕು. ಬಿಸಿಲಿಗೆ ಹಾಲಿನಂತೆ ಮಸುಕಾದ ಪ್ಲಾಸ್ಟಿಕ್ಕನ್ನು ತಕ್ಕ ಪಾಲಿಶಿನಿಂದ ಸ್ವಲ್ಪ ಮಟ್ಟಿಗೆ ತಿಳಿಗೊಳಿಸಬಹುದು, ಆದರೆ ಮಡಿಕೆಯಲ್ಲಿ ಬಿರುಕು ಬಿಟ್ಟರೆ ಕಿಟಕಿಯನ್ನು ಬದಲಿಸುವುದೇ ದಾರಿ.

ನಾಲ್ಕನೆಯ ಹಂತ: ಎಂಜಿನ್, ಟೈರು, ಓಡಿಸಿ ನೋಡುವುದು

ತಲುಪಿದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಯಾರೋ ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ಇನ್ನೊಂದು ದಿನ ಬರುತ್ತೇನೆ ಎಂದು ವಿನಯದಿಂದ ಹೇಳಿ. ತಣ್ಣಗಿರುವ ಎಂಜಿನ್ ಮಾತ್ರ ನಿಜ ಹೇಳುತ್ತದೆ. ಮೊದಲ ಸ್ಟಾರ್ಟಿನಲ್ಲಿ ನೀಲಿ ಹೊಗೆ, ಹೊತ್ತಾದರೂ ನಿಲ್ಲದ ಟಿಕ್ ಟಿಕ್ ಸದ್ದು, ಹತ್ತಿ ಇಳಿಯುವ ಐಡ್ಲಿಂಗ್ ಇವೆಲ್ಲ ಮೆಕ್ಯಾನಿಕ್‌ಗೆ ತೋರಿಸಬೇಕಾದ ಲಕ್ಷಣಗಳು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬೆಲ್ಟು ಬದಲಿಸಿದ ವರ್ಷವನ್ನು ಕೇಳಿ, ಬರೀ ಕಿಲೋಮೀಟರನ್ನಲ್ಲ: ಅದು ರಬ್ಬರು, ನಿಂತಲ್ಲಿಯೂ ಹಳತಾಗುತ್ತದೆ. ಬಾಕ್ಸ್‌ಸ್ಟರ್ ನೋಡುತ್ತಿದ್ದರೆ ಐಎಂಎಸ್ ಬೇರಿಂಗ್ ಎಂಬ ಹೆಸರನ್ನು ನೆನಪಿಡಿ; ಅದು ಎಂಜಿನ್ನಿನೊಳಗಿನ ಇಂಟರ್‌ಮೀಡಿಯೇಟ್ ಶಾಫ್ಟ್ ಎಂಬ ದಂಡವನ್ನು ಹಿಡಿದಿಡುವ ಬೇರಿಂಗ್. 1997ರಿಂದ 2008ರವರೆಗಿನ ಮಾದರಿಗಳಲ್ಲಿ ಈ ಬೇರಿಂಗ್ ಮುರಿದರೆ ಇಡೀ ಎಂಜಿನ್ ಹಾಳಾಗಬಹುದು, ಕಡಿಮೆ ಓಡಿದ ಕಾರಿಗೂ ವಿನಾಯಿತಿಯಿಲ್ಲ. ಮೊದಲ ವರ್ಷಗಳ ಬಹುಪಾಲು ಕಾರುಗಳಲ್ಲಿ ಕ್ಲಚ್ ಬದಲಿಸುವಾಗಲೇ ಇದನ್ನೂ ಬದಲಿಸಲು ಸಾಧ್ಯವಿರುವುದರಿಂದ ಹಾಗೆ ಮಾಡಿದ ಬಿಲ್ಲಿದೆಯೇ ಕೇಳಬೇಕು.

ಟೈರಿನ ಬಟನ್ ಎಷ್ಟು ಎತ್ತರವಿದ್ದರೂ ಪಕ್ಕದ ಗೋಡೆಯ ಮೇಲಿನ ತಾರೀಖನ್ನು ಓದಿ. ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು 2314 ಎಂದಿದ್ದರೆ ಅದು 2014ರ 23ನೆಯ ವಾರದಲ್ಲಿ ತಯಾರಾದ ಟೈರು. ಹತ್ತು ವರ್ಷ ದಾಟಿದ ಟೈರು ಹೊಸದರಂತೆ ಕಂಡರೂ ಅದರ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯನ್ನು ಹಿಡಿಯುವ ಶಕ್ತಿ ಕಳೆದುಕೊಂಡಿರುತ್ತದೆ. ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಹಗುರ ಕಾರಿನಲ್ಲಿ ಇದು ಜೀವದ ಪ್ರಶ್ನೆ; ನಾಲ್ಕು ಹೊಸ ಟೈರುಗಳ ಖರ್ಚನ್ನು ಬೆಲೆ ಮಾತಾಡುವಾಗಲೇ ಸೇರಿಸಿಕೊಳ್ಳಿ.

ಓಡಿಸುವಾಗ ಚಾವಣಿ ಮುಚ್ಚಿಕೊಂಡು ಅರ್ಧ ದಾರಿ, ತೆರೆದುಕೊಂಡು ಅರ್ಧ ದಾರಿ ಹೋಗಿ. ಹದಗೆಟ್ಟ ರಸ್ತೆಯಲ್ಲಿ ಮುಂದಿನ ಗಾಜಿನ ಚೌಕಟ್ಟೂ ಒಳಗಿನ ಕನ್ನಡಿಯೂ ತುಸು ನಡುಗುವುದು ಕನ್ವರ್ಟಿಬಲ್‌ಗಳ ಜಾಯಮಾನ, ಆದರೆ ಬಾಗಿಲುಗಳು ಕಿರುಗುಟ್ಟುವಷ್ಟು ಮೈ ತಿರುಚಿಕೊಳ್ಳಬಾರದು. ನಿಂತ ಕಾರಿನ ಬ್ರೇಕ್ ಡಿಸ್ಕಿನ ಮೇಲಿನ ತೆಳು ತುಕ್ಕು ಮೊದಲ ಕೆಲವು ಬ್ರೇಕಿಗೆ ಉಜ್ಜಿಹೋಗುತ್ತದೆ. ಆಮೇಲೂ ಪೆಡಲು ಕಾಲಿನಡಿ ಮಿಡಿಯುತ್ತಿದ್ದರೆ ಡಿಸ್ಕ್ ಗುಳಿಬಿದ್ದಿರಬಹುದು, ಕಾರು ಒಂದು ಕಡೆಗೆ ಎಳೆದರೆ ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಜಾಮ್ ಆಗಿರಬಹುದು. ಇಷ್ಟೆಲ್ಲ ನೋಡಿದ ಮೇಲೂ, ಆ ಮಾದರಿಯನ್ನು ಬಲ್ಲ ಮೆಕ್ಯಾನಿಕ್‌ನಿಂದ ಕಾರನ್ನು ಲಿಫ್ಟಿಗೆ ಏರಿಸಿ ಅಡಿಭಾಗವನ್ನು ನೋಡಿಸದೆ ಹಣ ಕೊಡಬೇಡಿ. ಅದಕ್ಕೆ ಒಪ್ಪದ ಮಾರಾಟಗಾರರ ಕಾರು ಬೇಡ.

ಕೊಂಡ ಮೊದಲ ವಾರ

ಹಿಂದಿನವರು ಏನು ಮಾಡಿದ್ದಾರೆಂದು ನಂಬಿ ಕೂರದೆ ಎಲ್ಲ ದ್ರವಗಳನ್ನೂ ಒಮ್ಮೆ ಬದಲಿಸಿ ಲೆಕ್ಕವನ್ನು ಹೊಸದಾಗಿ ಆರಂಭಿಸಬೇಕು. ಎಂಜಿನ್ ಆಯಿಲ್ ಮತ್ತು ಫಿಲ್ಟರ್, ಕೂಲಂಟ್, ಗೇರ್‌ಬಾಕ್ಸ್ ಮತ್ತು ಡಿಫರೆನ್ಶಿಯಲ್ ಆಯಿಲ್ ಎಲ್ಲವೂ ಇದರಲ್ಲಿ ಬರುತ್ತವೆ. ಬ್ರೇಕ್ ಆಯಿಲ್ಲನ್ನು ಮಾತ್ರ ನಾಳೆಗೆ ಬಿಡಬೇಡಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿಯ ಇಳಿಜಾರಿನಲ್ಲಿ ಬ್ರೇಕು ಕಾದಾಗ ಆ ನೀರು ಆವಿಯಾಗಿ ಪೆಡಲು ನೆಲಕ್ಕೆ ಇಳಿದುಬಿಡುತ್ತದೆ. ಎರಡು ವರ್ಷಕ್ಕೊಮ್ಮೆ, ಓಡಲಿ ಬಿಡಲಿ, ಬದಲಿಸಲೇಬೇಕು. ಟ್ಯಾಂಕಿನ ಪೆಟ್ರೋಲಿಗೆ ವಾರ್ನಿಶಿನ ವಾಸನೆ ಬರುತ್ತಿದ್ದರೆ ಪೂರ್ತಿ ಖಾಲಿ ಮಾಡಿಸಿ.

ದಿನನಿತ್ಯದ ಆರೈಕೆ

ಕಡಿಮೆ ಓಡಿದ ಕಾರನ್ನು ಕಡಿಮೆಯೇ ಓಡಿಸಿ ಇಡಬೇಕೆಂಬ ಆಸೆ ಅನೇಕರಿಗೆ ಇರುತ್ತದೆ. ಅದು ಕಾರಿಗೆ ಒಳ್ಳೆಯದಲ್ಲ. ಎರಡು ವಾರಕ್ಕೊಮ್ಮೆಯಾದರೂ ಕನಿಷ್ಠ ಅರ್ಧ ಗಂಟೆ, ಎಂಜಿನ್ ಆಯಿಲ್ ಪೂರ್ತಿ ಕಾಯುವಷ್ಟು ದೂರ ಓಡಿಸಿ. ಕೂಲಂಟಿನ ಮುಳ್ಳು ನಡುವಿಗೆ ಬಂದ ಮೇಲೂ ಆಯಿಲ್ ಕಾಯಲು ಇನ್ನಷ್ಟು ಹೊತ್ತು ಬೇಕು. ನಿಲ್ಲಿಸಿದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಸೈಲೆನ್ಸರ್ ಕಾಯದಿದ್ದರೆ ಆ ಆವಿ ಅಲ್ಲಿಯೇ ನೀರಾಗಿ ನಿಂತು ಅದನ್ನು ಒಳಗಿನಿಂದ ತಿನ್ನುತ್ತದೆ, ಒಂದಿಷ್ಟು ಎಂಜಿನ್ ಆಯಿಲ್ಲಿಗೂ ಸೇರುತ್ತದೆ. ಓಡಿಸುವಾಗ ಹತ್ತು ನಿಮಿಷ ಎಸಿ ಹಾಕಿದರೆ ಕಂಪ್ರೆಸರಿನ ಸೀಲುಗಳಿಗೆ ಎಣ್ಣೆ ತಲುಪುತ್ತದೆ, ಚಳಿಯಿದ್ದರೂ ಹಾಕಿ.

ಬ್ಯಾಟರಿ ನಿಂತ ಕಾರಿನ ಮೊದಲ ಬಲಿ. ಅಲಾರ್ಮು, ಗಡಿಯಾರ, ರಿಮೋಟ್ ರಿಸೀವರುಗಳು ಸೇರಿ 50 ಮಿಲಿಆಂಪಿಯರ್ ಎಳೆದರೂ ತಿಂಗಳಿಗೆ 36 ಆಂಪಿಯರ್ ಗಂಟೆ ಆಗುತ್ತದೆ. ಸಣ್ಣ ಸ್ಪೋರ್ಟ್ಸ್ ಕಾರಿನ ಬ್ಯಾಟರಿಯಲ್ಲಿ ಆಮೇಲೆ ಉಳಿಯುವುದು ಅತ್ಯಲ್ಪ. ವಿಶ್ರಾಂತ ಸ್ಥಿತಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.4ಕ್ಕಿಂತ ಇಳಿದರೆ ಚಾರ್ಜ್ ಮಾಡಬೇಕು. ತಾನಾಗಿ ನಿಲ್ಲುವ ಮೈಂಟೆನೆನ್ಸ್ ಚಾರ್ಜರ್ ಒಂದನ್ನು ಕೊಂಡು ಸದಾ ಜೋಡಿಸಿಡುವುದು ಹೊಸ ಬ್ಯಾಟರಿಗಿಂತ ಅಗ್ಗ.

ಚಾವಣಿಯನ್ನು ತೊಳೆಯುವುದಕ್ಕೂ ಒಂದು ಕ್ರಮವಿದೆ. ಮೊದಲು ಒಣ ಮೆದು ಬ್ರಷ್ಷಿನಿಂದ, ನೇಯ್ಗೆ ಹೋದ ದಿಕ್ಕಿನಲ್ಲಿ ಧೂಳನ್ನು ಝಾಡಿಸಿ. ಆಮೇಲೆ ನೀರು ಚಿಮುಕಿಸಿ, ತೀಕ್ಷ್ಣವಲ್ಲದ ಶಾಂಪೂವಿನ ನೊರೆಯನ್ನು ಸ್ಪಂಜಿನಿಂದ ಹಚ್ಚಿ, ಉಜ್ಜದೆ ಒತ್ತಿ ಒತ್ತಿ ತೆಗೆಯಿರಿ. ನೊರೆಯ ಅಂಶ ಬಟ್ಟೆಯಲ್ಲಿ ಉಳಿಯದಂತೆ ಧಾರಾಳ ನೀರು ಸುರಿಯಿರಿ. ಪ್ರೆಷರ್ ಗನ್ನನ್ನು ಹೊಲಿಗೆಯ ಹತ್ತಿರ ಹಿಡಿಯಬಾರದು, ಬ್ರಷ್ ತಿರುಗುವ ಯಂತ್ರದೊಳಗೆ ಕಾರನ್ನು ಒಯ್ಯಲೇಬಾರದು. ಪೂರ್ತಿ ಒಣಗಿದ ಮೇಲೆ ಬಟ್ಟೆಗೆಂದೇ ಮಾಡಿದ ಜಲನಿರೋಧಕ ಸ್ಪ್ರೇ ಹೊಡೆಯಿರಿ. ನೀರು ಮುತ್ತಿನಂತೆ ಉರುಳುತ್ತಿರುವವರೆಗೆ ಅದು ಕೆಲಸ ಮಾಡುತ್ತಿದೆ. ನೀರು ಹರಡಿ ಬಟ್ಟೆ ಕಪ್ಪಗಾದ ದಿನ ಮತ್ತೆ ಹೊಡೆಯಬೇಕು. ಒದ್ದೆ ಚಾವಣಿಯನ್ನು ಮಡಚಿ ಇಟ್ಟರೆ ಬೂಷ್ಟು ಹಿಡಿಯುತ್ತದೆ. ರಬ್ಬರ್ ಬೀಡಿಂಗ್‌ಗಳಿಗೆ ಆರು ತಿಂಗಳಿಗೊಮ್ಮೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ, ಪೆಟ್ರೋಲಿಯಂನಿಂದ ಮಾಡಿದ ಗ್ರೀಸ್ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ನೀರಿನ ಕೊಳವೆಗಳನ್ನು ವರ್ಷಕ್ಕೆರಡು ಸಲ ನೈಲಾನ್ ದಾರದಿಂದ ತೆರವು ಮಾಡಿ, ಬಲ ಹಾಕಿ ತಳ್ಳಬೇಡಿ. ಒಳಗೆ ಕೊಳವೆ ಕೀಲಿನಿಂದ ಕಳಚಿಕೊಂಡರೆ ಮೊದಲಿಗಿಂತ ಹೆಚ್ಚು ನೀರು ಒಳಬರುತ್ತದೆ. ಮರದ ಕೆಳಗೆ ನಿಲ್ಲಿಸುವ ಅಭ್ಯಾಸವಿದ್ದರೆ ಎರಡರ ಬದಲು ನಾಲ್ಕು ಸಲ.

ತಿಂಗಳುಗಟ್ಟಲೆ ನಿಲ್ಲಿಸಬೇಕಾದಾಗ

ಹೊಸ ಎಂಜಿನ್ ಆಯಿಲ್ ಹಾಕಿ, ಟ್ಯಾಂಕಿನಲ್ಲಿ ಗಾಳಿಗೆ ಜಾಗ ಉಳಿಯದಂತೆ ಪೆಟ್ರೋಲು ತುಂಬಿಸಿ, ಅದು ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಸೇರಿಸಿ, ಅದು ಇಂಜೆಕ್ಟರುಗಳನ್ನು ಮುಟ್ಟುವಂತೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ. ಚಾವಣಿಯನ್ನು ಮುಚ್ಚಿಯೇ ಇಡಬೇಕು, ಮಡಚಿಟ್ಟರೆ ಬಟ್ಟೆಯಲ್ಲಿ ಗೆರೆಗಳು ಕೂತುಬಿಡುತ್ತವೆ. ಟೈರಿಗೆ ಐದಾರು ಪಿಎಸ್‌ಐ ಹೆಚ್ಚು ಗಾಳಿ ತುಂಬಿಸಿ. ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ಹೊದಿಕೆ ಗಾಳಿಯಾಡುವ ಬಟ್ಟೆಯದಾಗಿರಲಿ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ನೆಲದ ತೇವವೆಲ್ಲ ಒಳಗೇ ಉಳಿಯುತ್ತದೆ. ಇಲಿಗಳು ಏರ್ ಫಿಲ್ಟರಿನ ಪೆಟ್ಟಿಗೆಯಲ್ಲಿ ಗೂಡು ಕಟ್ಟುವುದು ಹೊಸತೇನಲ್ಲ. ಗಾಳಿ ಒಳಹೋಗುವ ಬಾಯಿಗೂ ಸೈಲೆನ್ಸರಿನ ಬಾಯಿಗೂ ಜಾಲರಿ ಕಟ್ಟಿ, ಕಟ್ಟಿರುವುದನ್ನು ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗ್‌ಗೆ ಅಂಟಿಸಿ.

ಮತ್ತೆ ಹೊರತೆಗೆಯುವ ದಿನ ಜಾಲರಿ ಬಿಚ್ಚಿ, ಟೈರಿನ ಗಾಳಿ ಇಳಿಸಿ, ನೆಲದ ಮೇಲೆ ಯಾವ ದ್ರವದ ಕಲೆಯಿದೆ ಎಂದು ಬಗ್ಗಿ ನೋಡಿ, ಸೀಟಿನ ಹಿಂದೆ ಅಂಗೈ ಊರಿ ನೋಡಿ. ಸ್ಟಾರ್ಟ್ ಮಾಡುವ ಮುನ್ನ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿಯಾಗಿದೆಯೇ ಖಚಿತಪಡಿಸಿಕೊಳ್ಳಿ. ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡಿರಬಹುದಾದ್ದರಿಂದ, ಮುಂದೆ ಖಾಲಿ ಜಾಗವಿರುವಂತೆ ನೋಡಿಕೊಂಡೇ ಮೊದಲ ಗೇರು ಹಾಕಿ. ಮೊದಲ ಒಂದು ಕಿಲೋಮೀಟರ್ ನಿಧಾನವಾಗಿ, ಹಿಂದೆ ವಾಹನವಿಲ್ಲದಾಗ ಮೆಲ್ಲಗೆ ಬ್ರೇಕ್ ಹಿಡಿದು ಬಿಟ್ಟು ಡಿಸ್ಕಿನ ತುಕ್ಕನ್ನು ಕಳೆದ ಮೇಲೆ, ಒಮ್ಮೆ ನಿಲ್ಲಿಸಿ ಚಾವಣಿಯನ್ನು ತೆರೆಯಬಹುದು.